ಸ್ಪೆಷಲ್ ಏನಾದ್ರೂ ಇದೆಯಾ ಅಣ್ಣಾ?

ಹೋದ ಮಳೆಗಾಲದಲ್ಲಿ ಆಫೀಸಿನವರ ಜತೆ ಮಲೆನಾಡಿನ ಒಂದು ಹೋಮ್‌ಸ್ಟೇಗೆ ಹೋಗಿದ್ದೆ. ರಾತ್ರಿ ಊಟದ ಹೊತ್ತಿಗೆ ನಮ್ಮಲ್ಲೊಬ್ಬ ಅಡುಗೆಯವರ ಹತ್ತಿರ ಹೋಗಿ ದನಿ ತಗ್ಗಿಸಿ, "ಸ್ಪೆಷಲ್ ಏನಾದ್ರೂ ಇದೆಯಾ ಅಣ್ಣಾ?" ಅಂದ. ಅವರು ನಮ್ಮನ್ನೆಲ್ಲ ಒಮ್ಮೆ ನೋಡಿ, "ಇವತ್ತಿಲ್ಲ ಸಾರ್. ಮುಂಚೆನೇ ಫೋನ್ ಮಾಡಿದ್ರೆ ಹೇಳಿಡ್ಬಹುದಿತ್ತು" ಅಂದರು. ಸ್ಪೆಷಲ್ ಅಂದರೆ ಕಾಡುಹಂದಿ ಅಂತ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು. ನಾನೂ ಸುಮ್ಮನಿದ್ದೆ.

2023ರ ಅಕ್ಟೋಬರ್ ನೆನಪಿದೆಯಲ್ಲ? ಕೊರಳಲ್ಲಿ ಹುಲಿಯುಗುರು ಹಾಕಿಕೊಂಡಿದ್ದ ಬಿಗ್ ಬಾಸ್ ಸ್ಪರ್ಧಿಯೊಬ್ಬರನ್ನು ಅರಣ್ಯ ಇಲಾಖೆ ಬಂಧಿಸಿತ್ತು. ಆಮೇಲೆ ನಾವೆಲ್ಲ ಯಾವ ನಟನ ಕೊರಳಲ್ಲಿ ಏನಿದೆ ಅಂತ ಫೋಟೊ ಝೂಮ್ ಮಾಡಿ ನೋಡಿದ್ದೇ ನೋಡಿದ್ದು. "ಎಲ್ರನ್ನೂ ಒಳಗೆ ಹಾಕ್ಬೇಕು" ಅಂತ ವಾಟ್ಸಾಪಿನಲ್ಲಿ ತೀರ್ಪು ಕೊಟ್ಟಿದ್ದ ಪುಣ್ಯಾತ್ಮನೇ ಆ ರಾತ್ರಿ ಸ್ಪೆಷಲ್ ಕೇಳಿದ್ದು.

ಆ "ಹೇಳಿಡ್ಬಹುದಿತ್ತು" ಅನ್ನೋ ಮಾತನ್ನು ಬಿಡಿಸಿ ನೋಡಿ. ಹೇಳುವುದು ಯಾರಿಗೆ? ಊರಿನಲ್ಲಿ ಕೂಲಿ ಮಾಡಿಕೊಂಡಿರುವ ಯಾರೋ ಒಬ್ಬನಿಗೆ. ಅವನು ಬೈಕಿನ ಹಳೇ ಕ್ಲಚ್ ವೈರ್ ತಂದು, ಪ್ರಾಣಿ ನುಗ್ಗುವ ಬೇಲಿಯ ಕಂಡಿಯಲ್ಲಿ ಉರುಳು ಕಟ್ಟುತ್ತಾನೆ. ಅವನು ಕಾಯುವುದು ಹಂದಿಗೆ. ಆದರೆ ಉರುಳಿಗೆ ಕಣ್ಣಿಲ್ಲ. ಅದೇ ಕಂಡಿಯಲ್ಲಿ ಚಿರತೆಯೂ ನುಗ್ಗುತ್ತದೆ. ತಲೆ, ಮುಂಗಾಲು ದಾಟಿ ವೈರು ಸೊಂಟಕ್ಕೆ ಬೀಳುತ್ತದೆ. ಎಳೆದಷ್ಟೂ ಬಿಗಿ. ಅರಿವಳಿಕೆ ಕೊಟ್ಟು ಬಿಡಿಸಿದರೂ ಒಳಗಿನ ಪೆಟ್ಟಿಗೆ ಎಷ್ಟೋ ಸಲ ಪ್ರಾಣಿ ಉಳಿಯುವುದಿಲ್ಲ. ಮಾರನೇ ದಿನ ಪೇಪರಿನಲ್ಲಿ 'ಉರುಳಿಗೆ ಸಿಲುಕಿ ಚಿರತೆ ಸಾವು'. ನಾವು ಅಳುವ ಇಮೋಜಿ ಹಾಕಿ ಶೇರ್ ಮಾಡುತ್ತೇವೆ.

"ಬೆಳೆ ಹಾಳಾದ ರೈತ ಏನ್ ಮಾಡ್ಬೇಕು ಹಾಗಾದ್ರೆ?" ಅಂತ ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಗದ್ದೆಯ ಮಾಳದಲ್ಲಿ ರಾತ್ರಿಯಿಡೀ ಡಬ್ಬ ಬಡಿಯುತ್ತಾ ಕೂತಿದ್ದ ಅಜ್ಜನ ಮೊಮ್ಮಗ ನಾನು. ಹಂದಿ ಹಿಂಡು ಒಂದೇ ರಾತ್ರಿಯಲ್ಲಿ ಏನು ಮಾಡಿ ಹೋಗುತ್ತದೆ, ಪರಿಹಾರದ ಅರ್ಜಿ ಹಿಡಿದು ಎಷ್ಟು ಅಲೆಯಬೇಕು ಅಂತ ಗೊತ್ತು. ಬೆಳೆ ಉಳಿಸಿಕೊಳ್ಳೋಕೆ ಉರುಳು ಹಾಕಿದರೂ ಅದು ಅಪರಾಧವೇ. ಆದರೂ ಆ ಸಿಟ್ಟು ನನಗೆ ಅರ್ಥವಾಗುತ್ತದೆ. ನಿಮ್ಮ ತಟ್ಟೆಯ ಹಂದಿಗೂ ಆ ಸಿಟ್ಟಿಗೂ ಸಂಬಂಧವಿಲ್ಲ. ಬೆಳೆ ಕಾಯುವವನಿಗೆ ಕೊಯ್ಲಾದ ಮೇಲೆ ಉರುಳಿನ ಕೆಲಸವಿಲ್ಲ. ವೀಕೆಂಡಿಗೆ ಕೊಯ್ಲು ಅನ್ನೋದೇ ಇಲ್ಲ. ವರ್ಷಪೂರ್ತಿ ಗಿರಾಕಿ, ವರ್ಷಪೂರ್ತಿ ಉರುಳು. ರೈತನ ಕಷ್ಟವನ್ನು ನಮ್ಮ ನಾಲಿಗೆ ಚಪಲಕ್ಕೆ ಗುರಾಣಿ ಮಾಡಿಕೊಳ್ಳುವುದು ಬೇಡ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಉರುಳು ಹಾಕುವುದೂ ಬೇಟೆಯೇ. ಸಿಕ್ಕಿಬಿದ್ದದ್ದು ಚಿರತೆಯಾದರೆ ಕನಿಷ್ಠ 3, ಗರಿಷ್ಠ 7 ವರ್ಷ ಜೈಲು. ಕೊಂದವನಷ್ಟೇ ಅಲ್ಲ, ಮಾಂಸ ಕೊಂಡವನೂ ಇಟ್ಟುಕೊಂಡವನೂ ಅಪರಾಧಿಯೇ. ಕಾನೂನಿಗೆ ಈ ವಿಷಯದಲ್ಲಿ ಗೊಂದಲವಿಲ್ಲ. ಆದರೆ ಕೇಸು ಬೀಳುವುದು ಯಾರ ಮೇಲೆ? ವೈರು ಕಟ್ಟಿದವನ ಮೇಲೆ. ಕೂಲಿ ಬಿಟ್ಟು ವರ್ಷಗಟ್ಟಲೆ ಕೋರ್ಟಿಗೆ ಅಲೆಯುವವನು ಅವನು. ದುಡ್ಡು ಕೊಟ್ಟು ತಿಂದವನಿಗೆ ಭಾನುವಾರ ಸಂಜೆ ನೆಲಮಂಗಲದ ಟ್ರಾಫಿಕ್ಕಿನದ್ದೊಂದೇ ಚಿಂತೆ.

ಕಳ್ಳಬೇಟೆ ಅಂದರೆ ಊರಿನವರ ಅಜ್ಞಾನ, ಅವರಿಗೆ ಜಾಗೃತಿ ಮೂಡಿಸಬೇಕು ಅಂತ ಭಾಷಣ ಬಿಗಿಯುವವರಿಗೆ ನನ್ನದೊಂದು ಕೋರಿಕೆ. ಜಾಗೃತಿ ಕಾರ್ಯಕ್ರಮವನ್ನು ನಿಮ್ಮ ಟೀಮ್ ಔಟಿಂಗಿನಿಂದಲೇ ಶುರು ಮಾಡಿ. ಬುಕ್ ಮಾಡುವಾಗಲೇ "ಕಾಡಿನ ಮಾಂಸ ಮಾಡೋದಾದ್ರೆ ನಾವು ಬರಲ್ಲ" ಅಂತ ಹೇಳಿ. ಹತ್ತು ಜನ ಹಾಗೆ ಹೇಳಿದರೆ ಹೋಮ್‌ಸ್ಟೇಯವರಿಗೆ ಅರ್ಥವಾಗುತ್ತದೆ. ಅವರಿಗೂ ಬೇಕಾಗಿರುವುದು ವ್ಯಾಪಾರ ತಾನೇ?

ನಮ್ಮವನು ಸ್ಪೆಷಲ್ ಕೇಳಿದಾಗ ನಾನು ಅನ್ನಬೇಕಾಗಿದ್ದದ್ದು ಮೂರೇ ಪದ: "ಅದು ಬೇಡ ಕಣೋ." ಅಷ್ಟನ್ನೂ ಅನ್ನಲಿಲ್ಲ. ನಾಲ್ಕು ಜನರೆದುರು ಬೋರ್ ಹೊಡೆಸುವವನು ಅನ್ನಿಸಿಕೊಳ್ಳಬಾರದು ಅಂತ ಬಾಯಿ ಮುಚ್ಚಿಕೊಂಡು ಕೋಳಿ ಸಾರು ಬಡಿಸಿಕೊಂಡೆ.