ದೂರದ ದಾಂಪತ್ಯ ಮತ್ತು ದೇಹಧರ್ಮ

ಗಂಡ ಒಂದೂರು, ಹೆಂಡತಿ ಒಂದೂರು ಎಂದರೆ ಹಿಂದೆ ಜನರು ಅಲ್ಲೇನೋ ಮುನಿಸಿದೆ ಎಂದು ಭಾವಿಸುತ್ತಿದ್ದರು. ಇಂದು ಬಸವನ ಬಾಗೇವಾಡಿ, ಮುದ್ದೇಬಿಹಾಳ, ಇಂಡಿ, ಸಿಂದಗಿಗಳ ಯಾವ ಓಣಿಗೆ ಹೋದರೂ ಅಂಥ ಮನೆಯೊಂದು ಸಿಗುತ್ತದೆ. ಮಗ ಬೆಂಗಳೂರಿನಲ್ಲಿ ಇಂಜಿನಿಯರು, ಸೊಸೆ ಇಲ್ಲಿಯ ಶಾಲೆಯಲ್ಲಿ ಶಿಕ್ಷಕಿ. ಆಲಮಟ್ಟಿಗಂತೂ ಇದು ಹೊಸದಲ್ಲ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲನ್ನಿಟ್ಟ ಆಣೆಕಟ್ಟು 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರಿಂದ ಲೋಕಾರ್ಪಣೆಗೊಂಡಿತು. ಆ ನಾಲ್ಕು ದಶಕಗಳಲ್ಲಿ ಎಷ್ಟೋ ನೌಕರರು ತಾವು ಕ್ಯಾಂಪಿನಲ್ಲಿದ್ದು, ಮಕ್ಕಳ ಓದಿಗಾಗಿ ಸಂಸಾರವನ್ನು ವಿಜಯಪುರ, ಬಾಗಲಕೋಟೆಗಳಲ್ಲಿ ಇಟ್ಟಿದ್ದರು. ಹೊಲ ಹಿನ್ನೀರಿಗೆ ಹೋದವರ ಮಕ್ಕಳು ಗೋವೆಗೂ ಪುಣೆಗೂ ದುಡಿಯಲು ಹೋದರು. ಅವರ ವಿರಹವನ್ನು ಯಾರೂ ಪ್ರೇಮಕಥೆ ಎಂದು ಕರೆಯಲಿಲ್ಲ, ಅಷ್ಟೆ.

ಇಂಥ ದಂಪತಿಗಳ ವಿಷಯದಲ್ಲಿ ನಮ್ಮ ಹಿರಿಯರ ಬಳಿ ಒಂದೇ ಔಷಧವಿದೆ: ಸೊಸೆ ನೌಕರಿ ಬಿಡಲಿ. ಮೂರು ದಶಕಗಳಿಗೂ ಮಿಕ್ಕಿದ ವೈದ್ಯವೃತ್ತಿಯ ಅನುಭವದಿಂದ ನಾವು ಇದನ್ನು ಒಪ್ಪಲಾರೆವು.

ಎಲ್ಲರೂ ಬಲ್ಲ ಒಂದು ಜೋಡಿಯನ್ನೇ ನೋಡೋಣ. ಶಿಗ್ಗಾವಿಯಲ್ಲಿ ಹುಟ್ಟಿ ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಿದ ಸುಧಾ ಅವರು ಪುಣೆಯ ಟೆಲ್ಕೋದಲ್ಲಿ ಕೆಲಸಕ್ಕಿದ್ದಾಗ ಶಿಡ್ಲಘಟ್ಟದ ನಾರಾಯಣ ಮೂರ್ತಿಯವರ ಪರಿಚಯವಾಯಿತು. ನಿಶ್ಚಿತ ಸಂಪಾದನೆ ಇಲ್ಲದ ವರನಿಗೆ ಮಗಳನ್ನು ಕೊಡಲು ತಂದೆ ಡಾ. ಕುಲಕರ್ಣಿಯವರು ಹಿಂಜರಿದರು. ಮೂರ್ತಿಯವರು ಮುಂಬಯಿಯ ಪಟ್ನಿ ಸಂಸ್ಥೆಯನ್ನು ಸೇರಿದ ಮೇಲೆಯೇ, 1978ರ ಫೆಬ್ರುವರಿಯಲ್ಲಿ, ಅತ್ಯಂತ ಸರಳವಾಗಿ ವಿವಾಹ ನೆರವೇರಿತು. 1980ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯಲ್ಲಿ ಮಗಳು ಅಕ್ಷತಾ ಜನಿಸಿದಳು. ಎರಡು ತಿಂಗಳಾದ ಮೇಲೆ ಕೂಸನ್ನು ಮುಂಬಯಿಗೆ ಕರೆದೊಯ್ದರು. ಆದರೆ ಇಬ್ಬರ ಉದ್ಯೋಗದ ನಡುವೆ ಸಾಕುವುದು ಕಷ್ಟವಾಗಿ, ಅವಳನ್ನು ಹುಬ್ಬಳ್ಳಿಯ ಅಜ್ಜ-ಅಜ್ಜಿಯರ ಬಳಿ ಬಿಟ್ಟರು. ಕೂಸನ್ನು ನೋಡಲು ವಾರದ ಕೊನೆಗೆ ವಿಮಾನದಲ್ಲಿ ಬೆಳಗಾವಿಗೆ ಬಂದು, ಅಲ್ಲಿಂದ ಬಾಡಿಗೆ ಕಾರಿನಲ್ಲಿ ಹುಬ್ಬಳ್ಳಿಗೆ ಬರುತ್ತಿದ್ದುದನ್ನೂ ಅದರ ಖರ್ಚು ಭಾರವಾಗಿದ್ದುದನ್ನೂ ಮೂರ್ತಿಯವರು ಮುಂದೆ ಮಗಳಿಗೆ ಬರೆದ ಪತ್ರದಲ್ಲಿ ನೆನೆದಿದ್ದಾರೆ. 1981ರಲ್ಲಿ ಇನ್ಫೋಸಿಸ್ ಆರಂಭಕ್ಕೆ ಸುಧಾ ಅವರು ತಮ್ಮ ಉಳಿತಾಯದ 10,000 ರೂಪಾಯಿಗಳನ್ನು ಕೊಟ್ಟರು. ಮುಂದೆ ಪತಿ ಕೆಲಸದ ನಿಮಿತ್ತ ಹೊರದೇಶಗಳಲ್ಲಿರಬೇಕಾದಾಗ ಮನೆಯನ್ನು ನಡೆಸಿದವರೂ ಅವರೇ.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸಿ ತಲೆದೂಗುತ್ತಾರೆ. ನಮಗೆ ಮುಖ್ಯವೆನಿಸುವುದು ಮುಂದಿನ ಮಾತು. ಪತಿ-ಪತ್ನಿಯರಿಬ್ಬರೂ ಒಂದೇ ಸಂಸ್ಥೆಯಲ್ಲಿ ಇರಬಾರದೆಂದು ಮೂರ್ತಿಯವರು ಹಠ ಹಿಡಿದರು, ಸುಧಾ ಅವರು ಹೊರಗುಳಿದರು. ಆ ನಿಲುವು ತಪ್ಪಾಗಿತ್ತೆಂದು 2024ರಲ್ಲಿ ಮೂರ್ತಿಯವರೇ ಸಂದರ್ಶನವೊಂದರಲ್ಲಿ ಒಪ್ಪಿಕೊಂಡರು. ದೂರದ ದಾಂಪತ್ಯವು ಬಾಳಿತೇ ಎಂದು ಕೇಳಿದರೆ ಸಾಲದು. ಅದರ ಬೆಲೆಯನ್ನು ಯಾರು ತೆತ್ತರು ಎಂದೂ ಕೇಳಬೇಕು. ವಿಮಾನದ ಖರ್ಚಿಲ್ಲದ ನಮ್ಮ ಮನೆಗಳಲ್ಲಿ ಆ ಬೆಲೆ ಬಹುಮಟ್ಟಿಗೆ ಹೆಣ್ಣಿನ ದೇಹದಿಂದಲೇ ವಸೂಲಾಗುತ್ತದೆ.

ಆಯುರ್ವೇದವು ವಿರಹವನ್ನು ಕವಿಗಳ ಪಾಲಿಗೆ ಬಿಟ್ಟುಕೊಟ್ಟಿಲ್ಲ. ಚರಕಾಚಾರ್ಯರು ಜ್ವರಗಳನ್ನು ಹೇಳುವಾಗ ಕಾಮ, ಶೋಕ, ಭಯ, ಕ್ರೋಧಗಳಿಂದ ಬರುವ ಜ್ವರಗಳನ್ನೂ ಎಣಿಸಿದ್ದಾರೆ. ಬಯಸಿದವರು ದೂರವಾದಾಗ ಬರುವ ಜ್ವರಕ್ಕೆ ಅವರು ಹೇಳುವ ಲಕ್ಷಣ ಸದಾ ಚಿಂತೆ ಮತ್ತು ನಿಟ್ಟುಸಿರು. ಅದಕ್ಕೆ ಚಿಕಿತ್ಸೆಯಾಗಿ ಹೇಳುವುದು ಕಷಾಯವನ್ನಲ್ಲ. ಧೈರ್ಯ ಹೇಳುವುದು, ಬಯಸಿದ್ದು ದೊರಕುವಂತೆ ಮಾಡುವುದು, ವಾತವನ್ನು ಶಮನಗೊಳಿಸುವುದು, ಮನಸ್ಸಿಗೆ ಹರ್ಷವನ್ನುಂಟುಮಾಡುವುದು. ನೌಕರಿ ಬಿಡಿಸುವುದು ಆ ಪಟ್ಟಿಯಲ್ಲಿಲ್ಲ. ಆಹಾರ ಮತ್ತು ನಿದ್ರೆಗಳ ಜೊತೆಗೆ ನಿಯಮಬದ್ಧ ದಾಂಪತ್ಯವನ್ನೂ ಶರೀರವನ್ನು ಹೊತ್ತ ಮೂರು ಉಪಸ್ತಂಭಗಳಲ್ಲಿ ಒಂದೆಂದು ಶಾಸ್ತ್ರವು ಎಣಿಸುತ್ತದೆ. ಒಂದು ಕಂಬ ಸಡಿಲಾದಾಗ ಉಳಿದೆರಡನ್ನು ಬಿಗಿಗೊಳಿಸಬೇಕು. ನಮ್ಮಲ್ಲಿ ಆಗುವುದು ವಿಪರೀತ. ರಾತ್ರಿ ಒಂದು ಗಂಟೆಯವರೆಗೆ ಮೊಬೈಲ್‌ನಲ್ಲಿ ಮಾತು, ಅದರಲ್ಲಿ ಅರ್ಧ ಜಗಳ, ಬೆಳಿಗ್ಗೆ ಬರಿಯ ಚಹಾ ಕುಡಿದು ಓಟ. ರಾತ್ರಿಜಾಗರಣೆಯಿಂದ ವಾತ ಕೆರಳಿ, ಹೊಟ್ಟೆಯುಬ್ಬರ, ಮಲಬದ್ಧತೆ, ತಲೆನೋವು, ಮುಟ್ಟಿನ ಏರುಪೇರು ಒಂದೊಂದಾಗಿ ಸೇರುತ್ತವೆ.

ಇನ್ನೊಂದು ಮಾತನ್ನು ಮಠದ ಪತ್ರಿಕೆಯಲ್ಲಿ ಬರೆಯುವುದು ಹೇಗೆಂದು ಅಳುಕದೆ ಹೇಳುತ್ತೇವೆ. ಮದುವೆಯಾಗಿ ಮೂರು ವರ್ಷವಾಯಿತು, ಮಕ್ಕಳಿಲ್ಲ ಎಂದು ಅತ್ತೆಯವರು ಸೊಸೆಯನ್ನು ಕರೆತರುತ್ತಾರೆ. ಮಗ ಊರಿಗೆ ಬರುವುದು ಯಾವಾಗ ಎಂದು ಕೇಳಿದರೆ ತಿಂಗಳಿಗೊಮ್ಮೆ, ಎರಡು ದಿನ! ಅಂಡವು ಬಿಡುಗಡೆಯಾದ ಮೇಲೆ ಬದುಕಿರುವುದು ಸುಮಾರು ಒಂದು ದಿನ, ಪುರುಷಬೀಜವು ಒಳಗೆ ಉಳಿಯುವುದು ಹೆಚ್ಚೆಂದರೆ ಐದು ದಿನ. ಹೀಗಾಗಿ ತಿಂಗಳಲ್ಲಿ ಗರ್ಭ ನಿಲ್ಲಬಹುದಾದ ದಿನಗಳು ಸುಮಾರು ಆರು. ಆ ಎರಡು ದಿನಗಳು ಈ ಆರರಲ್ಲಿ ಬಾರದೆ ಹೋದರೆ ದೋಷ ಯಾರದು? ರೈಲಿನ ವೇಳಾಪಟ್ಟಿಯದು. ಒಂದು ವರ್ಷದ ನಿಯಮಿತ ಸಹವಾಸದ ನಂತರವೂ ಗರ್ಭವಾಗದಿದ್ದರೆ ಮಾತ್ರ ವೈದ್ಯಶಾಸ್ತ್ರವು ಅದನ್ನು ಬಂಜೆತನವೆಂದು ಕರೆದು ತಪಾಸಣೆಗೆ ಹೇಳುತ್ತದೆ. ಮೂವತ್ತೈದು ದಾಟಿದ ಹೆಣ್ಣುಮಕ್ಕಳು ಆರು ತಿಂಗಳಿಗೇ ತೋರಿಸಿಕೊಳ್ಳುವುದು ಒಳ್ಳೆಯದು. ಮೂರು ವರ್ಷಗಳ ಮದುವೆಯಲ್ಲಿ ಕೂಡಿ ಸುಮಾರು ಎಪ್ಪತ್ತು ದಿನಗಳಷ್ಟೇ ಒಟ್ಟಿಗೆ ಇದ್ದವರನ್ನು ಬಂಜೆ ಎನ್ನುವುದು ಬಾಯಿಯ ಪಾಪ. ತಪಾಸಣೆ ಬೇಕೇ ಬೇಕೆಂದರೆ ಅದು ಇಬ್ಬರಿಗೂ ಆಗಲಿ; ವೀರ್ಯಪರೀಕ್ಷೆ ಸುಲಭವಾದದ್ದು, ಅಗ್ಗವಾದದ್ದು. ಆದರೂ ಎಷ್ಟೋ ಮನೆಗಳಲ್ಲಿ ಸೊಸೆಗೆ ನಾಲ್ಕು ಸ್ಕ್ಯಾನಿಂಗ್ ಆದ ಮೇಲೂ ಮಗನ ಸರದಿ ಬಂದಿರುವುದಿಲ್ಲ.

ಹಾಗೆಂದು ದೂರವೇ ಲೇಸೆಂದು ನಾವು ಹೇಳುತ್ತಿಲ್ಲ. ಅದಕ್ಕೊಂದು ಅವಧಿ ಇರಬೇಕು. ಎರಡು ವರ್ಷವೋ ಮೂರೋ, ಇಬ್ಬರೂ ಕುಳಿತು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಅನಂತರ ಯಾರು ಊರು ಬದಲಿಸುವುದು ಎಂಬುದಕ್ಕೆ ಇಬ್ಬರ ವೇತನವನ್ನೂ ಇಬ್ಬರ ಆಸೆಯನ್ನೂ ಮುಂದಿಟ್ಟು ನೋಡಬೇಕು. ಸರ್ಕಾರಿ ವರ್ಗಾವಣೆಯಲ್ಲಿ ಪತಿ-ಪತ್ನಿ ಪ್ರಕರಣವೆಂಬ ಅವಕಾಶವಿದೆ. ಇಬ್ಬರೂ ಸರ್ಕಾರಿ ನೌಕರರಾಗಿದ್ದರೆ ಸಂಕೋಚಪಡದೆ ಅರ್ಜಿ ಹಾಕಬೇಕು. ಬೆಂಗಳೂರಿನ ಕಂಪನಿಯಲ್ಲಿರುವ ಮಗನಿಗೆ ಮನೆಯಿಂದಲೇ ಕೆಲಸ ಮಾಡುವ ಅನುಮತಿ ಇದ್ದರೆ ಅವನೇ ಆರು ತಿಂಗಳು ಇಲ್ಲಿಗೆ ಬರಲಿ. ಅದರಿಂದ ಗಂಡಸುತನಕ್ಕೆ ಕೊರತೆಯೇನೂ ಆಗದು.

ಅಲ್ಲಿಯವರೆಗೆ ರಾತ್ರಿಯ ಮಾತು ಹತ್ತಕ್ಕೆ ಮುಗಿಯಲಿ. ಹಣಕಾಸಿನ ಲೆಕ್ಕ, ಅತ್ತೆ-ಸೊಸೆಯರ ದೂರುಗಳು ಮಲಗುವ ಹೊತ್ತಿಗೆ ಬೇಡ, ಅವಕ್ಕೆ ರವಿವಾರದ ಹಗಲಿದೆ. ಒಂಟಿಯಾಗಿರುವವರು ಒಬ್ಬರಿಗಾಗಿ ಏನು ಒಲೆ ಹಚ್ಚುವುದು ಎನ್ನದೆ ಬಿಸಿ ರೊಟ್ಟಿ, ಪಲ್ಯ, ಒಂದು ಚಮಚ ತುಪ್ಪವನ್ನು ಉಣ್ಣಬೇಕು. ಮಲಗುವ ಮುನ್ನ ಅಂಗಾಲಿಗೆ ಎಳ್ಳೆಣ್ಣೆ ತಿಕ್ಕಿಕೊಂಡರೆ ನಿದ್ರೆ ಬರುತ್ತದೆ. ಎರಡು ವಾರ ಮೀರಿ ನಿದ್ರೆಯಿಲ್ಲ, ಊಟ ಸೇರದು, ಬದುಕೇ ಬೇಡವೆನಿಸುತ್ತದೆ ಎಂದರೆ ಎಣ್ಣೆಗೆ ಕಾಯದೆ ಮನೋವೈದ್ಯರನ್ನು ಕಾಣಬೇಕು. ಹಗಲುರಾತ್ರಿ ಎನ್ನದೆ 14416 ಸಂಖ್ಯೆಯ ಟೆಲಿ-ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು.

ಮಗ ತಿಂಗಳಿಗೊಮ್ಮೆ ಬಂದ ಎರಡು ದಿನಗಳಲ್ಲಿ ಬಂಧುಗಳ ಮನೆಯ ಸೀಮಂತ, ಗೃಹಪ್ರವೇಶ, ಹೊಲದ ತಕರಾರುಗಳಿಗೆಲ್ಲ ಅವನನ್ನು ತಿರುಗಿಸುವ ತಂದೆತಾಯಿಗಳೂ ಈ ಪುಟವನ್ನು ಓದುತ್ತಿರಬಹುದು. ಒಂದು ದಿನವನ್ನಾದರೂ ಸೊಸೆಗೆ ಬಿಟ್ಟುಕೊಡಿ. ಇಬ್ಬರೂ ಕೂಡಿ ಆಲಮಟ್ಟಿಯ ಉದ್ಯಾನಕ್ಕೆ ಹೋಗಿ ಸಂಜೆಗೆ ಬರಲಿ.