ಉತ್ತರದಲ್ಲಿ ದಿನಾಂಕವೂ ಇರಲಿ

ವಿಧಾನಸಭೆಯ ಪ್ರಶ್ನೋತ್ತರ ವೇಳೆಯಲ್ಲಿ ನಮ್ಮ ಶಾಸಕರು ಕೇಳುವುದು ದೊಡ್ಡ ಸಿದ್ಧಾಂತದ ಪ್ರಶ್ನೆಗಳನ್ನೇನಲ್ಲ. ತಾಲ್ಲೂಕು ಆಸ್ಪತ್ರೆಗೆ ವೈದ್ಯರು ಯಾವಾಗ ಬರುತ್ತಾರೆ, ಸೋರುವ ಶಾಲಾ ಕೊಠಡಿಯ ರಿಪೇರಿ ಎಂದು, ನಿಂತುಹೋದ ಬಸ್ಸು ಮತ್ತೆ ಬಿಡುತ್ತೀರಾ– ಹೆಚ್ಚಾಗಿ ಇಂಥವೇ. ಲಿಖಿತ ಉತ್ತರವೂ ಎಷ್ಟೋ ಸಲ ಒಂದೇ: ‘ಅನುದಾನದ ಲಭ್ಯತೆ ಆಧರಿಸಿ ಕ್ರಮ ವಹಿಸಲಾಗುವುದು’. ಸರ್ಕಾರಗಳು ಬದಲಾದರೂ ಈ ಸಾಲು ಮಾತ್ರ ಅಲುಗಿಲ್ಲ.

ಹಾಗೆಂದು ಪ್ರಶ್ನೆಗೆ ಬಲವಿಲ್ಲವೆಂದಲ್ಲ. 1957ರಲ್ಲಿ ಎಲ್‌ಐಸಿ ಹಣ ಉದ್ಯಮಿ ಮುಂದ್ರಾ ಅವರ ಕಂಪನಿಗಳಿಗೆ ಹೋದದ್ದನ್ನು ಲೋಕಸಭೆಯಲ್ಲಿ ಬಿಡದೆ ಕೆದಕಿದವರು ಆಡಳಿತ ಪಕ್ಷದವರೇ ಆದ ಫಿರೋಜ್ ಗಾಂಧಿ. ಮರುವರ್ಷ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಡಬೇಕಾಯಿತು. ಈಗ ನಮ್ಮ ವಿಧಾನಸಭೆಯಲ್ಲಿ ಚುಕ್ಕೆ ಗುರುತಿನ (ಸಚಿವರು ಸದನದಲ್ಲೇ ಮೌಖಿಕವಾಗಿ ಉತ್ತರಿಸಬೇಕಾದ) ಪ್ರಶ್ನೆಯ ಸರದಿ ಬಂದಾಗ ಕೇಳಿದವರೇ ಕೆಲವೊಮ್ಮೆ ಗೈರು (ಇದ್ದರೆ ಸದನದ ಬಾವಿಯಲ್ಲಿ!). ಇನ್ನು ಉಪಪ್ರಶ್ನೆ ಕೇಳುವವರಾರು?

ಸಚಿವರು ಕೊಟ್ಟ ಮಾತಿನ ಬೆನ್ನುಹತ್ತಲು ಸರ್ಕಾರಿ ಭರವಸೆಗಳ ಸಮಿತಿಯೇನೋ ಇದೆ. ಅದರ ವರದಿ ಜನರ ಕಣ್ಣಿಗೆ ಬೀಳುವುದು ಅಪರೂಪ. ಪ್ರತಿ ಉತ್ತರದಲ್ಲೂ ಕೆಲಸ ಮುಗಿಯುವ ದಿನಾಂಕ ಮತ್ತು ಹೊಣೆ ಹೊತ್ತ ಅಧಿಕಾರಿಯ ಹುದ್ದೆಯನ್ನು ನಮೂದಿಸುವಂತೆ ಸಭಾಧ್ಯಕ್ಷರು ಸಚಿವರಿಗೆ ಸೂಚಿಸಬೇಕು.

–ಒಬ್ಬ ಮತದಾರ, ಶಿರಸಿ