ಗೌರವಧನವೆಂಬ ಮಾತು

ಅಂಗನವಾಡಿಯ ತಾಯಂದಿರಿಗೆ ಸರಕಾರವು ತಿಂಗಳಿಗೊಮ್ಮೆ ಕೊಡುವ ಹಣಕ್ಕೆ ವೇತನವೆಂಬ ಹೆಸರಿಲ್ಲ, ಅದು ‘ಗೌರವಧನ’. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ಆರಂಭವಾದಾಗ ಮೆಟ್ರಿಕ್ ಮುಗಿಸಿದವರಿಗೆ 150 ರೂಪಾಯಿ, ಉಳಿದವರಿಗೆ 100 ರೂಪಾಯಿ ಗೊತ್ತಾಗಿತ್ತು. 2018ರ ಅಕ್ಟೋಬರಿನಿಂದ ಕೇಂದ್ರವು ತಾನು ನಿಗದಿಪಡಿಸಿದ ಮೊತ್ತವನ್ನು 3000ದಿಂದ 4500 ರೂಪಾಯಿಗೆ ಏರಿಸಿತು. ಅದಕ್ಕೆ ರಾಜ್ಯವು ತನ್ನದನ್ನು ಕೂಡಿಸುತ್ತದೆ. ಅಂಕಿ ಬೆಳೆಯಿತು, ಹೆಸರು ಬದಲಾಗಲಿಲ್ಲ.

ಹೆಸರಿನಲ್ಲೇನಿದೆ ಎನ್ನಬಾರದು. ಗೌರವಧನಕ್ಕೆ ಕನಿಷ್ಠ ವೇತನದ ನಿಯಮವು ಅನ್ವಯಿಸದೆಂಬುದೇ ಸರಕಾರಗಳ ವಾದವಾಗಿ ಬಂದಿದೆ. ವೃದ್ಧಾಪ್ಯದಲ್ಲಿ ಇವರಿಗೆ ಗ್ರಾಚ್ಯುಟಿ ಸಲ್ಲಬೇಕೆಂದು 2022ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯವೇ ಹೇಳಬೇಕಾಯಿತು. ಆ ಕಾಯಿದೆಯ ಮಟ್ಟಿಗಾದರೂ ಗೌರವಧನವು ವೇತನವೇ ಎಂದು ತೀರ್ಪು ಒಪ್ಪಿತು. ಆಶಾ ಕಾರ್ಯಕರ್ತೆಯರ ಪಾಡೂ ಬೇರೆಯಲ್ಲ. 2025ರ ಜನವರಿಯ ಚಳಿಯಲ್ಲಿ ಅವರು ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಹಗಲಿರುಳು ಕುಳಿತರು.

ಪರರನ್ನೇ ದೂರುವುದೇಕೆ? ಇಂತಹ ತಾಯಂದಿರಿಗೆ ಶಾಲು ಹೊದಿಸುವ ವೇದಿಕೆಗಳಲ್ಲಿ ನಾವೂ ಕುಳಿತಿದ್ದೇವೆ. ಹೆಚ್ಚಾಗಿ ತಂದ ಅಕ್ಕಿಯನ್ನು ಮರಳಿ ಸುರಿದು ಬಾರೆಂದು ಆಯ್ದಕ್ಕಿ ಲಕ್ಕಮ್ಮನು ಗಂಡನಿಗೆ ಹೇಳಿದ ಪ್ರಸಂಗವನ್ನು ವಿಸ್ತರಿಸಿ, ಇವರದು ಅಂತಹ ನಿಷ್ಕಾಮ ಸೇವೆಯೆಂದು ಕೊಂಡಾಡಿದ್ದೇವೆ. ಲಕ್ಕಮ್ಮನು ಬೇಡವೆಂದದ್ದು ಮಿಕ್ಕಿ ಬಂದುದನ್ನು. ಅಂದಿನ ಕಾಯಕಕ್ಕೆ ಸಲ್ಲತಕ್ಕುದನ್ನಲ್ಲ. ದಾಸೋಹವು ನಡೆಯುತ್ತಿದ್ದುದೇ ಆ ಅಕ್ಕಿಯಿಂದ. ಇಷ್ಟು ಸರಳವಾದುದು ನಮಗೆ ಹೊಳೆದದ್ದು, ಅಂತಹದೊಂದು ಸಭೆ ಮುಗಿದ ಮೇಲೆ ವೃದ್ಧ ಕಾರ್ಯಕರ್ತೆಯೊಬ್ಬರು ಶಾಲನ್ನು ಮಡಚುತ್ತ, “ಮೂರು ತಿಂಗಳ ಹಣ ಇನ್ನೂ ಬಂದಿಲ್ಲರಿ, ಇದನ್ನೂ ನಿಮ್ಮ ಭಾಷಣದಾಗ ಹೇಳ್ರಿ” ಎಂದಾಗ.